ತೋಳನ ಹೆಸರಿಟ್ಟವರ ಮನೆಯಲ್ಲಿ

ನಾಗಸಂದ್ರ

ಸರ್ಬಿಯಾಕ್ಕೆ ಹೋಗುತ್ತಿದ್ದೇನೆ ಎಂದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಅದು ಎಲ್ಲಿದೆ ಎಂದು ಕೇಳುವ ಮೊದಲೇ ಚಳಿಯ ಬಗ್ಗೆ ಉಪದೇಶ ಶುರುಮಾಡುತ್ತಿದ್ದರು. ಎರಡನೇ ಮಹಡಿಯ ದಾವಣಗೆರೆಯವರು ತಮ್ಮ ಯಜಮಾನರ ಮಂಕಿ ಕ್ಯಾಪನ್ನೇ ತಂದುಕೊಟ್ಟರು. ಬೇಡ ಎಂದರೂ ಬಿಡಲಿಲ್ಲ. ಆಮೇಲೆ ಅದೇ ನನ್ನ ಕಿವಿ ಉಳಿಸಿತು ಅನ್ನಿ.

ನಾನು ಪೀಣ್ಯದಲ್ಲಿ ಗೇರ್ ತಯಾರಿಸುವ ಕಂಪನಿಯೊಂದರಲ್ಲಿ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತೇನೆ. ನಮ್ಮ ಮಾಲೀಕರು ಸರ್ಬಿಯಾದಿಂದ ಒಂದು ಗ್ರೈಂಡಿಂಗ್ ಮಷೀನ್ ಕೊಳ್ಳುವವರಿದ್ದರು. ಅದು ಹಡಗು ಹತ್ತುವ ಮೊದಲು ನಮ್ಮ ಕಡೆಯವರು ಯಾರಾದರೂ ಹೋಗಿ, ಓಡಿಸಿ, ಅಳತೆ ನೋಡಿ ಬರಬೇಕಿತ್ತು. ‘ನೀವೇ ಹೋಗ್ಬನ್ನಿ ಮೇಡಂ, ನೀವು ಸರಿ ಅಂದ್ರೆ ಮುಗೀತು’ ಅಂದರು. ಅಲ್ಲಿಯವರೆಗೆ ನಾನು ಕಂಡ ದೂರದ ಊರು ಕಾಶಿ.

ನನ್ನ ಹೆಸರು ತಿಪ್ಪಮ್ಮ. ನಗುವವರು ಈಗಲೇ ನಕ್ಕುಬಿಡಿ, ನನಗೆ ಅಭ್ಯಾಸವಾಗಿದೆ. ಕಂಪನಿಯಲ್ಲಿ ಎಲ್ಲರಿಗೂ ನಾನು ಟಿ. ಮೇಡಂ.

ನಿಜ ಹೇಳಬೇಕೆಂದರೆ ಹೊರಡಲು ಮನಸ್ಸಿರಲಿಲ್ಲ. ಮಗಳು ರೂಪಾ ಮಾರತ್ತಹಳ್ಳಿಯಲ್ಲಿದ್ದಾಳೆ. ಎರಡು ಬಸಿರನ್ನು ತುಂಬು ತಿಂಗಳ ಹತ್ತಿರ ಬಂದು ಕಳೆದುಕೊಂಡ ಮೇಲೆ ಮೂರನೆಯದು ಗಂಡುಮಗು, ಕೈಗೆ ಬಂದಿತ್ತು. ದುಂಡುದುಂಡಗೆ, ಗಟ್ಟಿಮುಟ್ಟಾಗಿ ಇತ್ತು. ಡಾಕ್ಟರು ನಿಶ್ಚಿಂತೆಯಾಗಿರಿ ಎಂದು ಕಳಿಸಿದ್ದರು. ಆದರೆ ತಿಂಗಳುಗಳು ಕಳೆದರೂ ಅವಳು ಮಗುವಿಗೆ ಹೆಸರಿಡಲು ಬಿಡುತ್ತಿರಲಿಲ್ಲ. ಮೊದಲ ಎರಡಕ್ಕೂ ಹೊಟ್ಟೆಯಲ್ಲಿರುವಾಗಲೇ ಹೆಸರು ಹುಡುಕಿ, ಆ ಹೆಸರಿನಿಂದಲೇ ಮಾತಾಡಿಸುತ್ತಿದ್ದಳು. ಈ ಸಲ ಹೆಸರಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಹಾಲು ಕುಡಿಸುತ್ತಾಳೆ, ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ, ಎಲ್ಲ ಚೊಕ್ಕ. ಆದರೆ ‘ಪಾಪು’ ಎಂಬುದರಾಚೆ ಒಂದು ಮುದ್ದಿನ ಮಾತಿಲ್ಲ. ಯಾರದೋ ಮಗುವನ್ನು ನಾಲ್ಕು ದಿನ ನೋಡಿಕೊಳ್ಳಲು ತಂದಿಟ್ಟುಕೊಂಡವಳ ಹಾಗೆ ಇದ್ದಳು. ನನಗೆ ಹೆದರಿಕೆ ಇದ್ದದ್ದು ಮಗುವಿನದ್ದಲ್ಲ, ಅವಳದ್ದು.

ಹೋಗಲೋ ಬೇಡವೋ ಎಂದು ಅವಳನ್ನೇ ಕೇಳಿದೆ.

‘ಹೋಗ್ಬಾಮ್ಮ. ನೀನಿಲ್ಲೇ ಕಾಯ್ಕೊಂಡಿದ್ರೂ ನಾನು ಹೆಸ್ರಿಡಲ್ಲ. ಇಟ್ಟ ಎರಡು ಹೆಸ್ರೂ ನನಗೆ ಸಾಕಾಗಿದೆ’ ಎಂದಳು.

ಬೆಲ್‌ಗ್ರೇಡ್

ವಿಮಾನ ನಿಲ್ದಾಣದಲ್ಲಿ ನನ್ನ ಪೂರ್ತಿ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಎದೆಗೆ ಹಿಡಿದುಕೊಂಡು ಒಬ್ಬ ನಿಂತಿದ್ದ. ಬಾಗಿಲು ತಲೆಗೆ ತಗಲುವಷ್ಟು ಎತ್ತರ, ನೆರೆತ ಗಡ್ಡ, ಮಗುವಿನ ನಗು. ಕಾರ್ಖಾನೆಯ ಕಡೆಯಿಂದ ನನ್ನನ್ನು ನೋಡಿಕೊಳ್ಳಬೇಕಾದ ಎಂಜಿನಿಯರ್ ಆತ. ಕೈ ಕುಲುಕಿ ‘ವೂಕ್’ ಅಂದ. ಅದೇನು ಹೆಸರು ಎಂದು ಕೇಳಿದ್ದಕ್ಕೆ, ತೋಳ ಅಂದ. ಗೆಳೆಯರು ಕರೆಯುವ ಅಡ್ಡಹೆಸರಿರಬೇಕು ಎಂದುಕೊಂಡು ನಿಜವಾದ ಹೆಸರು ಕೇಳಿದೆ. ಅದೇ ನಿಜವಾದ ಹೆಸರಂತೆ. ಅವನ ಪಾಸ್‌ಪೋರ್ಟಿನಲ್ಲೂ ತೋಳವೇ ಇದೆ.

ನಾನು ನಕ್ಕುಬಿಟ್ಟೆ. ಕ್ಲಾಸಿನ ನಲವತ್ತು ಜನರ ಮುಂದೆ ಹೆಸರು ಕರೆಸಿಕೊಂಡು ಮುಖ ಮುಚ್ಚಿಕೊಂಡವಳು ನಾನು, ನನಗೇ ನಗು ತಡೆಯಲಿಲ್ಲ. ಆತ ಬೇಸರ ಮಾಡಿಕೊಳ್ಳಲಿಲ್ಲ. ಕಾರು ಓಡಿಸುತ್ತ, ತಮ್ಮ ಕಡೆ ವೂಕನ್, ವುಕಾಶಿನ್ ಎಂದೆಲ್ಲ ತೋಳಗಳ ದೊಡ್ಡ ಹಿಂಡೇ ಇದೆ ಎಂದು ಹೇಳಿದ. ರಷ್ಯದವರಿಗೆ ತೋಳ ವೋಲ್ಕ್, ಪೋಲೆಂಡಿನವರಿಗೆ ವಿಲ್ಕ್, ಎಲ್ಲವೂ ಒಂದೇ ಹಳೆಯ ಮಾತಿನ ಮಕ್ಕಳು ಎಂದ. ನನಗೆ ಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ನಮ್ಮ ಭೀಮಸೇನನಿಗೆ ವೃಕೋದರ ಎಂದೂ ಹೆಸರುಂಟಲ್ಲ, ತೋಳನ ಹೊಟ್ಟೆಯವನು ಅಂತ. ಆ ವೃಕವೂ ಇವರ ವೂಕನೂ ಬಲು ಹಿಂದೆ ಒಂದೇ ಮನೆಯವರಂತೆ. ಇದನ್ನು ಹೇಳಿದಾಗ ಆತ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ತನ್ನ ಹೊಟ್ಟೆ ತಟ್ಟಿಕೊಂಡ. ಕೈ ಸ್ಟಿಯರಿಂಗ್ ಮೇಲಿರಲಿ ಮಾರಾಯ ಎಂದು ಕನ್ನಡದಲ್ಲೇ ಗದರಿದೆ.

ಬೆಲ್‌ಗ್ರೇಡಿನಲ್ಲಿ ಎರಡು ದೊಡ್ಡ ನದಿಗಳು ಕೂಡುತ್ತವೆ. ನಮ್ಮವರಾಗಿದ್ದರೆ ಆ ಜಾಗದಲ್ಲಿ ಗುಡಿ ಕಟ್ಟಿ ಸ್ನಾನಘಟ್ಟ ಮಾಡುತ್ತಿದ್ದರು. ಇವರು ಕೋಟೆ ಕಟ್ಟಿದ್ದಾರೆ. ಯಾರ್‍ಯಾರೋ ಬಂದು ಕೆಡವಿ, ಮತ್ತೆ ಕಟ್ಟಿ, ಮತ್ತೆ ಕೆಡವಿದ ಕೋಟೆ. ಚಿತ್ರದುರ್ಗದ ಸೀಮೆಯವಳಾದ ನನಗೆ ಕೋಟೆ ಎಂದರೆ ತವರು. ಕಲ್ಲಿಗೆ ಕೈಯಿಟ್ಟು ನಿಂತೆ. ಅಂಗೈ ಮರಗಟ್ಟಿತು, ತೆಗೆದು ಜೇಬಿಗೆ ಹಾಕಿಕೊಂಡೆ.

ಕಾರ್ಖಾನೆಯ ಊರು

ಕಾರ್ಖಾನೆ ಬೆಲ್‌ಗ್ರೇಡಿನಿಂದ ದಕ್ಷಿಣಕ್ಕೆ, ಬೆಟ್ಟಗಳ ನಡುವಿನ ಊರಿನಲ್ಲಿತ್ತು. ಒಳಗೆ ಕಾಲಿಟ್ಟರೆ ಕೂಲೆಂಟ್ ಎಣ್ಣೆಯ ವಾಸನೆ, ಕಬ್ಬಿಣದ ಚೂರಿನ ವಾಸನೆ, ಥೇಟ್ ಪೀಣ್ಯ. ಸುತ್ತ ಏನು ಮಾತಾಡುತ್ತಿದ್ದಾರೆಂದು ತಿಳಿಯದಿದ್ದರೂ ಆ ವಾಸನೆಯಿಂದ ಜೀವಕ್ಕೆ ಸಮಾಧಾನವಾಯಿತು.

ಬೆಳಗಿನ ಕಾಫಿಯ ಜೊತೆ ಪುಟ್ಟ ಲೋಟದಲ್ಲಿ ನೀರಿನಂಥದ್ದೇನನ್ನೋ ಇಟ್ಟರು. ಬಾಯಿಗೆ ಹಿಡಿಯುವಷ್ಟರಲ್ಲಿ ವಾಸನೆ ಮೂಗಿಗೆ ಹೊಡೆಯಿತು. ಪ್ಲಮ್ ಹಣ್ಣಿನ ಸಾರಾಯಿ. ನಾನು ಲಿಂಗ ಕಟ್ಟಿದವಳು, ಮುಟ್ಟುವುದಿಲ್ಲ ಎಂದು ಹೇಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಊಟದ ಪಾಡನ್ನು ಮಾತ್ರ ವೂಕ್ ಒಂದೇ ಮಾತಿನಲ್ಲಿ ತೀರಿಸಿದ. ‘ಪೋಸ್ನೊ’ ಅನ್ನಿ ಎಂದ. ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಇವರು ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ, ಆ ಅಡುಗೆಯ ಹೆಸರು ಪೋಸ್ನೊ. ಮೀನಿಗೆ ಮಾಫಿ ಇದೆ, ಅದೊಂದನ್ನು ನೋಡಿಕೊಳ್ಳಬೇಕು. ಬಿಳಿ ಕಾಳನ್ನು ಈರುಳ್ಳಿಯ ಜೊತೆ ಬೇಯಿಸಿ ಒಲೆಯೊಳಗಿಟ್ಟು ತೆಗೆದ ಪಲ್ಯ, ಸುಟ್ಟ ಕೆಂಪು ಮೆಣಸಿನಕಾಯಿಯ ಚಟ್ನಿ. ಮೆಣಸಿನಕಾಯಿಗೆ ಖಾರವಿಲ್ಲ ಎಂಬ ದುಃಖ ಬಿಟ್ಟರೆ ಹೊಟ್ಟೆ ತುಂಬ ಉಂಡೆ. ರೊಟ್ಟಿ ಒಂದಿದ್ದಿದ್ದರೆ ನಮ್ಮೂರೇ.

ಕೆಲಸ ಚೆನ್ನಾಗಿ ಸಾಗುತ್ತಿದ್ದಾಗ ವೂಕ್ ಬಂದು, ನಾಳೆ ತಾನು ಬರುವುದಿಲ್ಲ, ತಮ್ಮ ಮನೆಯ ಸ್ಲಾವಾ ಎಂದ. ನನಗೆ ಕೋಪ ನೆತ್ತಿಗೇರಿತು. ಅಷ್ಟು ದೂರದಿಂದ ಬಂದಿದ್ದೇನೆ, ಮಷೀನ್ ಅರ್ಧ ಓಡಿಸಿ ಕೂತಿದ್ದೇನೆ, ಇವನಿಗೆ ಹಬ್ಬ! ಮೊದಲೇ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಆತ ಬೆರಗಾಗಿ ನೋಡಿದ. ಪ್ರತಿ ವರ್ಷ ಅದೇ ದಿನವಂತೆ, ಇಡೀ ಕಾರ್ಖಾನೆಗೆ ಗೊತ್ತಿರುವುದಂತೆ. ಪ್ರತಿ ಮನೆತನಕ್ಕೂ ತಂದೆಯಿಂದ ಮಗನಿಗೆ ಬರುವ ಒಬ್ಬ ಸಂತ, ಆ ಸಂತನ ದಿನವೇ ಸ್ಲಾವಾ. ಅಂದರೆ ಮನೆದೇವರ ಪೂಜೆ. ಆ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಂದವರನ್ನು ಹೋಗಿ ಎನ್ನುವ ಪದ್ಧತಿಯೂ ಇಲ್ಲ. ಮನೆದೇವರು ಎಂದ ಮೇಲೆ ನಾನೇನು ಮಾತಾಡಲಿ? ನಮ್ಮಲ್ಲಿ ವೀರಭದ್ರನ ಪೂಜೆಗೆ ಪೀಣ್ಯದ ಎಷ್ಟು ಮಷೀನ್ ನಿಂತಿಲ್ಲ. ‘ನಾನೂ ಬರ್ತೀನಿ’ ಎಂದೆ. ಕರೆಯದೇ ಬರುವವರ ಲೆಕ್ಕಕ್ಕೆ ನಾನೂ ಸೇರಿದೆ.

ಗುಡ್ಡದ ಮೇಲಿನ ಮನೆ

ವೂಕ್‌ನ ತಾಯಿಯ ಮನೆ ಗುಡ್ಡದ ಮೇಲೆ, ಎಲೆಯುದುರಿದ ಪ್ಲಮ್ ಮರಗಳ ನಡುವೆ ಇತ್ತು. ಬಾಗಿಲಲ್ಲಿ ಚಪ್ಪಲಿ ಬೂಟುಗಳ ರಾಶಿ ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂತೂ ಮನುಷ್ಯರ ಮನೆಗೆ ಬಂದೆ ಅನ್ನಿಸಿತು. ಬೂಟು ಬಿಟ್ಟು ಒಳಗೆ ಹೋದೆ. ತಾಯಿ ಸ್ಟಾನಾ ಅವರು ತಲೆಗೆ ಕರಿ ವಸ್ತ್ರ ಕಟ್ಟಿಕೊಂಡ ಸಣ್ಣ ಜೀವ. ಆ ತಾಯಿಗೆ ಈ ಮಗ ಹೇಗೆ ಹುಟ್ಟಿದ ಎಂದು ಯಾರಿಗಾದರೂ ಅನ್ನಿಸಬೇಕು. ನನ್ನ ಕೆನ್ನೆಗೆ ಮೂರು ಮುತ್ತು ಕೊಟ್ಟು ಕೂರಿಸಿದರು.

ಕೋಣೆಯ ತುಂಬ ಜನ. ಮೇಜಿನ ಮೇಲೆ ಹೂವಿನ ಚಿತ್ತಾರದ ದುಂಡು ರೊಟ್ಟಿ, ಉರಿಯುವ ಎತ್ತರದ ಮೇಣದ ಬತ್ತಿ, ಒಂದು ಬಟ್ಟಲಿನಲ್ಲಿ ಬೇಯಿಸಿ ಅರೆದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿದ್ದು. ನೋಡಿದರೆ ನಮ್ಮ ಗೋಧಿ ಹುಗ್ಗಿಯ ತಂಗಿ. ಸ್ಟಾನಾ ಅಮ್ಮ ಒಂದು ತಟ್ಟೆ ತಂದು ಮೊದಲು ನನ್ನ ಮುಂದೆ ಹಿಡಿದರು. ಬಟ್ಟಲಲ್ಲಿ ಸಕ್ಕರೆ ಪಾಕದ ಹಣ್ಣು, ಪಕ್ಕದಲ್ಲಿ ಚಮಚ, ನೀರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ದೇವರ ದಿನ, ಸಿಹಿ, ಒಂದು ಚಮಚ. ಇನ್ನೇನು, ಪ್ರಸಾದ! ಚಮಚಕ್ಕೆ ಬಾಯಿ ಹಾಕಿ ಎಂಜಲು ಮಾಡುವುದುಂಟೆ? ಬಲಗೈ ಗುಳಿ ಮಾಡಿ ಹಣ್ಣನ್ನು ಅದರೊಳಕ್ಕೆ ಬಗ್ಗಿಸಿಕೊಂಡು, ಕಣ್ಣಿಗೊತ್ತಿ, ತಿಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತೀರ್ಥ ತೆಗೆದುಕೊಂಡ ಕೈ ತಲೆಗೆ ಹೋಗುವುದು ಹುಟ್ಟಿನಿಂದ ಬಂದ ರೂಢಿ. ಪಾಕದ ಕೈ ಕೂದಲಿಗೆ ಹೋಗಿ ಅಂಟಿಕೊಂಡಿತು.

ಕೋಣೆಯ ಕಣ್ಣೆಲ್ಲ ನನ್ನ ತಲೆಯ ಮೇಲೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಪದ್ಧತಿ ಬೇರೆ, ಒಂದು ಚಮಚ ಬಾಯಿಗಿಟ್ಟು, ಆ ಚಮಚವನ್ನು ಖಾಲಿ ಲೋಟಕ್ಕೆ ಹಾಕಿಬಿಡಬೇಕಂತೆ. ಸ್ಟಾನಾ ಅಮ್ಮ ಒಂದು ಗಳಿಗೆ ನನ್ನನ್ನು ನೋಡಿದರು. ಮತ್ತೊಂದು ಚಮಚ ತೆಗೆದು, ತಮ್ಮ ಸುಕ್ಕು ಅಂಗೈಗೆ ಹಣ್ಣು ಹಾಕಿಕೊಂಡು, ನನ್ನ ಹಾಗೆಯೇ ಕಣ್ಣಿಗೊತ್ತಿ ತಿಂದರು. ಆಮೇಲೆ ಮನೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ಉಪಕಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಿಸಿನೀರಿನ ಬಟ್ಟೆಯಿಂದ ನನ್ನ ಕೂದಲು ಒರೆಸಿದರು. ವೂಕ್ ಬಾಗಿಲಿಗೊರಗಿ ನಿಂತು ಅವರ ಮಾತನ್ನು ನನಗೆ, ನನ್ನ ಮಾತನ್ನು ಅವರಿಗೆ ದಾಟಿಸುತ್ತಿದ್ದ. ಕಿಟಕಿ ಬಾಗಿಲು ಎರಡೂ ತೆರೆದಿದ್ದನ್ನು ಕಂಡು ಅಮ್ಮ ಮಗನಿಗೆ ಬೈದರು. ಒದ್ದೆ ತಲೆಗೆ ಗಾಳಿ ಹೊಡೆದರೆ ಕತೆ ಮುಗಿಯಿತು ಎಂದು ಇಲ್ಲಿ ಎಲ್ಲರೂ ನಂಬುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಳ್ಳುವ ಬಾಣಂತಿಯರ ನಾಡಿನಿಂದ ಹೋದವಳಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಹೆಸರಿನ ಮಾತು ಬಂದದ್ದು ಆಗ. ಸ್ಟಾನಾ ಎಂದರೆ ‘ನಿಲ್ಲು’ ಎಂದಂತೆ. ಮನೆಯಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ, ಇವರ ಸರದಿ ಬಂದಾಗ ಇನ್ನು ನಿಲ್ಲಲಿ ಎಂದು ಹಾಗೆ ಇಟ್ಟರಂತೆ. ಅಯ್ಯೋ, ನಮ್ಮ ಸಾಕಮ್ಮ! ನಮ್ಮ ಬೀದಿಯಲ್ಲೇ ಇಬ್ಬರು ಸಾಕಮ್ಮಂದಿರಿದ್ದರು ಎಂದು ಹೇಳಿದೆ. ಸ್ಟಾನಾ ಅಮ್ಮನಿಗೆ ಅದು ಬಹಳ ಹಿಡಿಸಿತು, ‘ಸಾಕಮ್ಮಾ, ಸಾಕಮ್ಮಾ’ ಎಂದು ಎರಡು ಸಲ ಹೇಳಿ ನೋಡಿಕೊಂಡರು.

ಹಾಗಾದರೆ ಮಗನಿಗೆ ತೋಳ ಎಂದು ಯಾಕಿಟ್ಟಿರಿ ಎಂದು ಕೇಳಿದೆ. ಅವರು ಬಟ್ಟೆ ಹಿಂಡುತ್ತ ಹೇಳಿದರು. ವೂಕ್‌ಗಿಂತ ಮೊದಲು ಇಬ್ಬರು ಗಂಡುಮಕ್ಕಳು ಹುಟ್ಟಿ, ವರ್ಷ ತುಂಬುವುದರೊಳಗೆ ಹೋಗಿದ್ದರು. ಮೂರನೆಯವನು ಹುಟ್ಟಿದಾಗ ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಮಗುವನ್ನು ನೋಡಲೊಲ್ಲರು. ಆಗ ಇವರ ಅತ್ತೆ ಎದ್ದು ಹೊಸ್ತಿಲಿಗೆ ಹೋಗಿ, ಹೆಣ್ಣುತೋಳ ಗಂಡುತೋಳವನ್ನು ಹೆತ್ತಿದೆ, ಲೋಕಕ್ಕೆಲ್ಲ ತಿಳಿಯಲಿ, ಮಗು ಸುಖವಾಗಿರಲಿ ಎಂದು ಊರಿಗೆ ಕೇಳುವಂತೆ ಕೂಗಿ ಸಾರಿದರಂತೆ. ಎಳೆಯ ಮಕ್ಕಳ ಎದೆ ತಿನ್ನುವ ಮಾಟಗಾತಿಯರು ಎಲ್ಲಿಗಾದರೂ ಬಂದಾರು, ತೋಳನ ಹತ್ತಿರ ಮಾತ್ರ ಸುಳಿಯಲಾರರು ಎಂಬುದು ಹಿಂದಿನವರ ನಂಬಿಕೆ. ಮಕ್ಕಳು ಉಳಿಯದ ಮನೆಗಳಲ್ಲಿ ಹೀಗೆಯೇ ತೋಳಗಳು ಹುಟ್ಟಿದ್ದು.

ನಾನು ಬೆಲ್‌ಗ್ರೇಡಿನಲ್ಲಿ ನಕ್ಕದ್ದು ನೆನಪಾಗಿ ವೂಕ್‌ನ ಮುಖ ನೋಡಲಾಗಲಿಲ್ಲ. ನನ್ನ ಹೆಸರಿನ ಕತೆಯನ್ನು ನಾನು ಯಾರಿಗೂ ಹೇಳುವವಳಲ್ಲ. ಯಾರಾದರೂ ಕೇಳಿದರೆ ಅದು ದೇವರ ಹೆಸರು ಎಂದು ಜಾರಿಕೊಳ್ಳುತ್ತಿದ್ದೆ. ನಮ್ಮ ಸೀಮೆಯಲ್ಲಿ ಆ ಹೆಸರಿನ ದೇವರೂ ಇದ್ದಾನೆ. ಆದರೆ ನನ್ನದು ದೇವರದ್ದಲ್ಲ. ನನಗಿಂತ ಮುಂಚಿನ ಇಬ್ಬರು ತೊಟ್ಟಿಲಲ್ಲೇ ತೀರಿಕೊಂಡಿದ್ದರು. ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿ ಹಾಕಿಕೊಂಡು ಹೋಗಿ, ಹಿತ್ತಲಿನ ತಿಪ್ಪೆಯ ಮೇಲೆ ಉರುಳಿಸಿ, ಕಸದಲ್ಲಿ ಸಿಕ್ಕಿದ್ದು ಎಂಬಂತೆ ಎತ್ತಿ ತಂದು ತಿಪ್ಪಮ್ಮ ಎಂದು ಕರೆದಳು. ಕಸವನ್ನು ಸಾವು ಕೂಡ ಕೇಳುವುದಿಲ್ಲ ಎಂದು. ಇದನ್ನೆಲ್ಲ ಆ ಅಡುಗೆಮನೆಯಲ್ಲಿ ಹೇಳಿಬಿಟ್ಟೆ. ವೂಕ್ ಕಷ್ಟಪಟ್ಟು, ಒಂದೊಂದೇ ಮಾತು ಆರಿಸಿ, ತಾಯಿಗೆ ಹೇಳಿದ. ಸ್ಟಾನಾ ಅಮ್ಮ ಬಟ್ಟೆ ಕೆಳಗಿಟ್ಟು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಿಮ್ಮಜ್ಜಿ ಬಲು ಜಾಣೆ ಎಂದರು. ನನ್ನ ಹೆಸರಿನ ಬಗ್ಗೆ ಒಬ್ಬರು ಒಳ್ಳೆಯ ಮಾತಾಡಿದ್ದು ಅದೇ ಮೊದಲು.

ಮೊಮ್ಮಕ್ಕಳಿದ್ದಾರೆಯೇ ಎಂದು ಕೇಳಿದರು. ಒಂದು ಗಂಡುಮಗು ಎಂದೆ. ಹೆಸರು? ಎಂದರು. ಅಷ್ಟು ದಿನ ನಮ್ಮ ಯಜಮಾನರ ಮುಂದೆಯೂ ಅಳದವಳು ಪರದೇಶದ ಅಡುಗೆಮನೆಯಲ್ಲಿ ಕೂತು ಮಗಳ ಕತೆಯೆಲ್ಲ ಹೇಳಿಕೊಂಡು ಅತ್ತೆ. ಸ್ಟಾನಾ ಅಮ್ಮ ಸಮಾಧಾನ ಗಿಮಾಧಾನ ಮಾಡಲಿಲ್ಲ. ಫೋನ್ ಹಚ್ಚು ಎಂದರು.

ವಿಡಿಯೊ ಕಾಲಿನಲ್ಲಿ ರೂಪಾ ಬಂದಳು, ಹೆಗಲ ಮೇಲೆ ಮಗು. ಸ್ಟಾನಾ ಅಮ್ಮ ಮಗುವನ್ನು ನೋಡಿ ‘ಪು, ಪು’ ಎಂದು ಉಗುಳಿದ ಹಾಗೆ ಮಾಡಿ, ಎಷ್ಟು ಕುರೂಪಿ ಎಂದರು. ವೂಕ್ ನಾಚಿಕೊಂಡು ಅದನ್ನು ಇಂಗ್ಲಿಷಿಗೆ ತಂದ. ರೂಪಾ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ‘ದೃಷ್ಟಿ ತೆಗೀತಿದಾರೇನಮ್ಮ?’ ಎಂದು ನಕ್ಕಳು. ಆಮೇಲೆ ಅವರಿಬ್ಬರೇ ಮಾತಾಡಿದರು, ವೂಕ್ ನಡುವೆ. ಸ್ಟಾನಾ ಅಮ್ಮ ತಮ್ಮ ಕತೆ ಹೇಳಿದರು. ರೂಪಾ, ಹೆಸರಿಟ್ಟ ಮೇಲೆ ನಿಮ್ಮ ಭಯ ಹೋಯಿತಾ ಎಂದು ಕೇಳಿದಳು.

‘ಇಲ್ಲ ಮಗಳೇ’ ಎಂದರು ಸ್ಟಾನಾ ಅಮ್ಮ. ‘ಇವನ ಗಡ್ಡ ಬೆಳ್ಳಗಾಗಿದೆ. ಈಗಲೂ ಮಂಜು ಬಿದ್ದ ದಾರೀಲಿ ಇವನು ಕಾರು ಓಡಿಸ್ತಿದ್ರೆ ನನಗೆ ಭಯ. ಹೆಸರಿಡೋದು ನಮ್ಮ ಭಯ ಹೋಗ್ಲಿ ಅಂತಲ್ಲ. ಸಾವಿಗೆ ಭಯ ಆಗ್ಲಿ ಅಂತ.’

ತಾಯಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳುವಾಗ ವೂಕ್ ಕಿಟಕಿಯ ಕಡೆ ತಿರುಗಿದ್ದ. ಸ್ಲಾವಾದ ದಿನ ಮನೆಯವರ ಹೆಸರು ಹೇಳಿ ಬೇಡಿಕೊಳ್ಳುವ ಪದ್ಧತಿ, ಹೋದವರದ್ದೂ, ಇರುವವರದ್ದೂ. ತಾವು ಕಳೆದುಕೊಂಡ ಇಬ್ಬರು ಮಕ್ಕಳ ಹೆಸರನ್ನು ಸ್ಟಾನಾ ಅಮ್ಮ ಈ ವರ್ಷವೂ ಹೇಳಿದ್ದರು. ‘ನಿನ್ನ ಮಗನಿಗೂ ಒಂದು ಬತ್ತಿ ಹಚ್ತೀನಿ. ಯಾರು ಅಂತ ಹೇಳ್ಲಿ?’ ಎಂದು ಕೇಳಿದರು.

ಫೋನ್ ಕಟ್ ಆಯಿತು. ಮತ್ತೆ ಹಚ್ಚಿದರೆ ರೂಪಾ ಎತ್ತಲಿಲ್ಲ. ಗಾಯದ ಮೇಲೆ ಕೈಯಿಟ್ಟೆವು ಎಂದುಕೊಂಡೆ. ಸ್ಟಾನಾ ಅಮ್ಮ ಬತ್ತಿಯನ್ನು ಹೇಗೂ ಹಚ್ಚಿದರು. ತಿಪ್ಪಮ್ಮನ ಮಗಳ ಮಗ ಎಂದು ಹೇಳಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ಹೆಸರನ್ನು ಒಂದಕ್ಷರ ತಪ್ಪದೆ ಹೇಳಿದರು. ಅವರ ಪಕ್ಕದಲ್ಲಿ ನಾನೂ ಕೈ ಮುಗಿದು ನಿಂತೆ. ಎಲ್ಲಿಯ ಸಂತ, ಎಲ್ಲಿಯ ವೀರಭದ್ರ, ಯಾರಾದರೂ ಕೇಳಿಸಿಕೊಂಡರೆ ಸಾಕು ಎಂದು.

ಮಾರತ್ತಹಳ್ಳಿ

ಮಷೀನ್ ಸರಿಯಾಗಿತ್ತು, ಅದನ್ನು ಹೇಳದಿದ್ದರೆ ನಮ್ಮ ಮಾಲೀಕರು ಬೇಸರ ಮಾಡಿಕೊಂಡಾರು. ಹೊರಡುವಾಗ ಸ್ಟಾನಾ ಅಮ್ಮ ಉಣ್ಣೆಯ ಕಾಲುಚೀಲವನ್ನೂ ಪಾಕದ ಹಣ್ಣಿನ ಬಾಟಲಿಯನ್ನೂ ಮಗನ ಕೈಯಲ್ಲಿ ಕಳಿಸಿದ್ದರು. ನಾನು ಮನೆಗೆ ಹೋಗದೆ ಏರ್‌ಪೋರ್ಟಿನಿಂದ ನೇರ ಮಾರತ್ತಹಳ್ಳಿಗೆ ಹೋದೆ. ರಿಂಗ್ ರಸ್ತೆಯಲ್ಲಿ ಟ್ಯಾಕ್ಸಿ ನಿಂತಲ್ಲೇ ನಿಂತಿತು. ಅರ್ಧ ಭೂಮಿ ದಾಟಿ ಬಂದ ಆಯಾಸಕ್ಕಿಂತ ಮಾರತ್ತಹಳ್ಳಿಯ ಸೇತುವೆ ದಾಟುವ ಆಯಾಸವೇ ಹೆಚ್ಚು.

ಮಗು ಒಳಗೆ ಮಲಗಿತ್ತು. ರೂಪಾ ಫೋನಿನ ಮಾತೇ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಣ್ಣಿನ ಬಾಟಲಿ ತೆಗೆದು ಕೊಟ್ಟೆ. ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತು ಎರಡು ಚಮಚ ತಿಂದಳು. ಆಮೇಲೆ ಬಾಟಲಿಯನ್ನೇ ನೋಡುತ್ತ ಹೇಳಿದಳು.

‘ಅಮ್ಮ, ತಿಪ್ಪೇಶ ಅಂತ ಇಡ್ತೀನಿ.’

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಲೆ ಕೆಟ್ಟಿದೆಯಾ ನಿನಗೆ ಎಂದು ರೇಗಿದೆ. ಹಾಜರಿ ಕರೆದಾಗ ಮೂಗು ಮುಚ್ಚಿಕೊಂಡು ನಕ್ಕವರ ಮುಂದೆ ನಾನು ಎದ್ದು ನಿಂತದ್ದು ನಿನಗೇನು ಗೊತ್ತು, ಬ್ಯಾಂಕಿನಲ್ಲಿ ಹೆಸರು ಕೂಗಿದರೆ ಬೇರೆ ಯಾರೋ ಎಂಬಂತೆ ಕೂತಿದ್ದು ನಿನಗೇನು ಗೊತ್ತು ಎಂದೆ. ಈ ಕಡೆಯ ಸ್ಕೂಲುಗಳಲ್ಲಿ ಎಲ್ಲ ಆರವ್, ವಿಹಾನ್‌ಗಳ ನಡುವೆ ನನ್ನ ಮೊಮ್ಮಗ ತಿಪ್ಪ ಅನ್ನಿಸಿಕೊಳ್ಳಬೇಕಾ ಎಂದೆ. ಆ ಅಡುಗೆಮನೆಯಲ್ಲಿ ಕರಗಿದ್ದೆಲ್ಲ ಇಲ್ಲಿ ಮಗಳ ಮನೆಯಲ್ಲಿ ಮತ್ತೆ ಗಟ್ಟಿಯಾಗಿತ್ತು. ಅವಳು ನನ್ನ ಕೂಗಾಟ ಮುಗಿಯಲೆಂದು ಕಾದಳು.

‘ನಿನ್ಗೆ ಇಟ್ಟಿದ್ದು ಕೆಲ್ಸ ಮಾಡ್ತಲ್ಲಮ್ಮ’ ಎಂದಳು. ‘ನೋಡು, ಇಷ್ಟು ವರ್ಷ ಆಯ್ತು, ಇಲ್ಲೇ ಕೂತು ನನ್ಮೇಲೆ ರೇಗ್ತಿದೀಯ. ನನ್ಗೆ ಅಷ್ಟೇ ಬೇಕಾಗಿರೋದು. ನನ್ನ ಮಗನೂ ಮುದುಕನಾಗಿ ಯಾರ ಮೇಲಾದ್ರೂ ರೇಗ್ಲಿ.’

ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಮಗು ಎದ್ದು ಕಿರುಚಿತು. ರೂಪಾ ಚಮಚವನ್ನು ನನ್ನ ಕೈಗೆ ತುರುಕಿ ಓಡಿದಳು.

‘ಬಂದೆ ಕಣೋ ತಿಪ್ಪಾ. ಬಂದೆ ಬಂದೆ. ಅಮ್ಮ ಎಲ್ಲೂ ಹೋಗಿಲ್ಲ ಕಣೋ.’

ಹುಟ್ಟಿದಾಗಿನಿಂದ ಅವಳು ಆ ಮಗುವನ್ನು ‘ಕಣೋ’ ಎಂದು ಮಾತಾಡಿಸಿದ್ದು ಅದೇ ಮೊದಲು.